ಕೋಚ್ ಕುರ್ಚಿ ಮತ್ತು ವಿವಿಯನ್ ಸ್ಟ್ರಿಂಗರ್

ಉದ್ದದ ಪೋಸ್ಟು. ಬಿಡುವಾದಾಗ ಓದಿ, ಆದ್ರೆ ಪೂರ್ತಿ ಓದಿ.

ನಮ್ಮ ಮಕ್ಕಳು ಓಡಿದ್ರೆ, ಜಿಗಿದ್ರೆ, ಮೆಡಲ್ ತಂದ್ರೆ ಜನ ಚಪ್ಪಾಳೆ ಹೊಡೀತಾರೆ. ಅದಕ್ಕೇನೂ ಕಮ್ಮಿ ಮಾಡಲ್ಲ. ಆದ್ರೆ ಮೈದಾನದ ಪಕ್ಕದಲ್ಲಿ ಒಂದು ಕುರ್ಚಿ ಇರುತ್ತಲ್ಲ, ಯಾರು ಆಡಬೇಕು, ಯಾರು ಬೆಂಚಲ್ಲಿ ಕೂರಬೇಕು, ಆಟ ಹೆಂಗೆ ನಡೀಬೇಕು ಅಂತ ತೀರ್ಮಾನ ಮಾಡೋ ಕುರ್ಚಿ, ನಾವು ಅದರ ಹತ್ರ ಹೋದಾಗ ಮಾತ್ರ ಎಲ್ಲರ ಮುಖದ ಬಣ್ಣ ಬದಲಾಗುತ್ತೆ. ಅಂಥ ಕುರ್ಚಿಯಲ್ಲಿ ಐವತ್ತು ವರ್ಷ ಕೂತಿದ್ದ (ಕೂತಿದ್ದಕ್ಕಿಂತ ಎದ್ದು ನಿಂತು ಕೂಗಿದ್ದೇ ಜಾಸ್ತಿ) ಒಬ್ಬ ಕಪ್ಪು ಹೆಣ್ಣುಮಗಳ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು. ಹೆಸರು ಸಿ. ವಿವಿಯನ್ ಸ್ಟ್ರಿಂಗರ್. ಅಮೆರಿಕದಲ್ಲಿ ಕಾಲೇಜು ಹೆಣ್ಣುಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸಿದ ಕೋಚ್.

"ಅಮೆರಿಕದ ಕಥೆ ನಮಗ್ಯಾಕೆ ಅಕ್ಕಾ" ಅಂತ ಕೇಳೋರಿಗೆ ಮೊದಲೇ ಒಂದು ಮಾತು. ಜಾತಿ ಬೇರೆ, ಜನಾಂಗ ಬೇರೆ. ಇದನ್ನ ಬಾಬಾಸಾಹೇಬರೇ ವಾದ ಮಾಡಿ ಬರೆದಿದ್ದಾರೆ. ಹಾಗಂತ ಅವರು ಅತ್ತ ನೋಡೋದು ಬಿಟ್ಟಿರಲಿಲ್ಲ. 1946ರಲ್ಲಿ ಕಪ್ಪು ಜನರ ದೊಡ್ಡ ಚಿಂತಕ ಡು ಬಾಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ನೀವು ಕೊಡೋ ಅರ್ಜಿಯ ಪ್ರತಿ ನನಗೂ ಕಳಿಸಿ ಅಂತ ಕೇಳಿದ್ದರು. ನಾನು ಗುಮಾಸ್ತೆ. ಒಬ್ಬರ ಫೈಲು ನೋಡಿ ಇನ್ನೊಬ್ಬರ ಫೈಲಿಗೆ ನೋಟ್ ಹಾಕೋದು ನನ್ನ ದಿನದ ಕೆಲಸ. ಹಂಗೇ ಅಂದ್ಕೊಳ್ಳಿ.

ಸ್ಟ್ರಿಂಗರ್ ಹುಟ್ಟಿದ್ದು 1948ರ ಮಾರ್ಚ್ 16ಕ್ಕೆ, ಪೆನ್ಸಿಲ್ವೇನಿಯಾದ ಎಡೆನ್‌ಬಾರ್ನ್ ಅನ್ನೋ ಗಣಿ ಊರಲ್ಲಿ. ಆರು ಮಕ್ಕಳಲ್ಲಿ ಹಿರಿಯಳು. ಅಪ್ಪ ಕಲ್ಲಿದ್ದಲು ಗಣಿ ಕಾರ್ಮಿಕ, ಜೊತೆಗೆ ಸಂಗೀತಗಾರ. (ಗಣಿ ಅಂದ ಕೂಡ್ಲೇ ನನಗೆ ಕೆಜಿಎಫ್ ಲೈನ್ ಮನೆಗಳು ಕಣ್ಮುಂದೆ ಬರ್ತವೆ. ನೆಲದೊಳಗೆ ಇಳಿಯೋರು ಯಾವ ದೇಶದಲ್ಲೂ ಮೇಲಿನೋರಲ್ಲ.) ಕಾಯಿಲೆಯಿಂದ ಆ ಅಪ್ಪನ ಕಾಲು ಕತ್ತರಿಸಬೇಕಾಯ್ತು. ಮಗಳಿಗೆ ಇಪ್ಪತ್ತು ತುಂಬೋ ಮೊದಲೇ ತೀರಿಕೊಂಡರು.

ಅವರ ಹೈಸ್ಕೂಲಲ್ಲಿ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ತಂಡವೇ ಇರಲಿಲ್ಲ. ಆಟದ ಹತ್ರ ಇರಬೇಕು ಅಂದ್ರೆ ಇದ್ದ ಒಂದೇ ದಾರಿ ಚಿಯರ್‌ಲೀಡರ್ ಆಗೋದು, ಅಂದ್ರೆ ಹುಡುಗರು ಆಡುವಾಗ ಬದಿಯಲ್ಲಿ ನಿಂತು ಹುರಿದುಂಬಿಸೋ ತಂಡ ಸೇರೋದು. ಆಯ್ಕೆಗೆ ಹೋದರು, ಚೆನ್ನಾಗಿಯೂ ಮಾಡಿದರು. ಆಯ್ಕೆ ಆಗಲಿಲ್ಲ. ಆ ತಂಡದಲ್ಲಿ ಅದುವರೆಗೆ ಕಪ್ಪು ಹುಡುಗಿ ಒಬ್ಬಳೂ ಇರಲಿಲ್ಲ. ಕಪ್ಪು ಜನರ ಹಕ್ಕಿನ ಸಂಘಟನೆ ಎನ್‌ಎಎಸಿಪಿಯವರು ಮನೆಗೆ ಬಂದು, ಇದನ್ನ ಸ್ಕೂಲ್ ಬೋರ್ಡ್ ಮುಂದೆ ಪ್ರಶ್ನೆ ಮಾಡೋಣಮ್ಮ ಅಂದರು. ಹುಡುಗಿಗೆ ಇಷ್ಟ ಇರಲಿಲ್ಲ. ಯಾರಿಗಿರುತ್ತೆ ಹೇಳಿ. ಹದಿನಾರು ಹದಿನೇಳರ ವಯಸ್ಸಲ್ಲಿ ಎಲ್ಲರ ಕಣ್ಣಿಗೂ ಬೀಳೋ ಆಸೆ ಇರುತ್ತೆ, ಆದ್ರೆ 'ಕಂಪ್ಲೇಂಟ್ ಕೊಟ್ಟೋಳು' ಅಂತ ಬೀಳೋ ಆಸೆ ಇರಲ್ಲ. ಅಪ್ಪ ಕೂರಿಸಿಕೊಂಡು, ಇದು ನಿನ್ನೊಬ್ಬಳದಲ್ಲ, ನಿನ್ನ ಹಿಂದೆ ಬರೋ ಹೆಣ್ಣುಮಕ್ಕಳದ್ದು ಅನ್ನೋ ಅರ್ಥದ ಮಾತು ಹೇಳಿದರು. ಬೋರ್ಡ್ ಮುಂದೆ ಹೋದರು. ಆ ಶಾಲೆಯ ಮೊದಲ ಕಪ್ಪು ಚಿಯರ್‌ಲೀಡರ್ ಆದರು.

ಇದನ್ನ ಓದಿದಾಗ ನನಗೆ ನನ್ನ ಡಿಗ್ರಿ ಕಾಲೇಜು ನೆನಪಾಯ್ತು. ನಾನು ಖೋ ಖೋ ಆಡ್ತಿದ್ದೆ. ಚೆನ್ನಾಗೇ ಆಡ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಕಂಬ ಸುತ್ತಿ ತಿರುಗೋದ್ರಲ್ಲಿ ನನ್ನಷ್ಟು ಚುರುಕು ನಮ್ಮ ತಂಡದಲ್ಲಿ ಯಾರೂ ಇರಲಿಲ್ಲ. ಎರಡನೇ ವರ್ಷ ಕ್ಯಾಪ್ಟನ್ ಆರಿಸೋ ಹೊತ್ತಿಗೆ ಮೇಷ್ಟ್ರು ನಗ್ತಾನೇ ಅಂದ್ರು: "ನೀನು ಆಟ ನೋಡ್ಕೊಳಮ್ಮ, ತಂಡ ನೋಡ್ಕೊಳ್ಳೋಕೆ ಬೇರೆಯವರಿದಾರೆ." ಒಂದು ಕೆಟ್ಟ ಮಾತಿಲ್ಲ, ಬೈಗುಳ ಇಲ್ಲ. ಕಂಪ್ಲೇಂಟ್ ಕೊಡೋಣ ಅಂದ್ರೂ ಯಾವ ಕಾಲಂನಲ್ಲಿ ಬರೀಬೇಕು ಅನ್ನೋದೇ ಗೊತ್ತಾಗಲ್ಲ.

ನಮಗೆ ಇದು ಹೊಸದೇನಲ್ಲ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಅವರನ್ನೇ ನೋಡಿ. ಚಮ್ಮಾರ ಸಮುದಾಯದವರು, ತಮ್ಮ ಕಾಲದ ದೊಡ್ಡ ಸ್ಪಿನ್ ಬೌಲರ್. ಅವರು ಬೌಲ್ ಮಾಡಬೇಕು, ಹಿಂದೂ ತಂಡ ಗೆಲ್ಲಬೇಕು. ಟೀ ಹೊತ್ತಲ್ಲಿ ಮಾತ್ರ ಅವರಿಗೆ ಬೇರೆ ಲೋಟ. ಕ್ಯಾಪ್ಟನ್ ಪಟ್ಟ ಅವರಿಗೆ ಕೊನೆಗೂ ಸಿಗಲಿಲ್ಲ. 1923ರಲ್ಲಿ ತಮ್ಮ ವಿಠಲನಿಗೆ ಅದು ಸಿಗೋ ಹೊತ್ತಿಗೆ ಅಣ್ಣನ ಕಾಲ ಮುಗಿದಿತ್ತು. ನಮ್ಮ ತೋಳು ಬೇಕು, ನಮ್ಮ ತೀರ್ಮಾನ ಬೇಡ.

ಸ್ಟ್ರಿಂಗರ್ ಕಥೆಗೆ ಬರೋಣ. ಸ್ಲಿಪ್ಪರಿ ರಾಕ್ ಅನ್ನೋ ಕಾಲೇಜಲ್ಲಿ ಓದು. ಅಲ್ಲಿ ಸಿಕ್ಕ ಆಟ ಎಲ್ಲಾ ಆಡಿದರು, ಬಾಸ್ಕೆಟ್‌ಬಾಲ್, ಹಾಕಿ, ಸಾಫ್ಟ್‌ಬಾಲ್, ಟೆನಿಸ್. ಅಲ್ಲೇ ಜಿಮ್ನಾಸ್ಟಿಕ್ಸ್ ಹುಡುಗ ಬಿಲ್ ಸ್ಟ್ರಿಂಗರ್ ಪರಿಚಯ, ಆಮೇಲೆ ಮದುವೆ. 1971ರಲ್ಲಿ ಚೇನಿ ಸ್ಟೇಟ್ ಕಾಲೇಜಿಗೆ ಬಂದರು. ಈ ಚೇನಿ ಬಗ್ಗೆ ಒಂದು ಮಾತು ಹೇಳಲೇಬೇಕು. 1837ರಲ್ಲಿ, ಅಮೆರಿಕದ ಅರ್ಧ ರಾಜ್ಯಗಳಲ್ಲಿ ಗುಲಾಮಗಿರಿ ಇನ್ನೂ ಕಾನೂನುಬದ್ಧ ಆಗಿದ್ದ ಕಾಲದಲ್ಲಿ, ಕಪ್ಪು ಜನರ ಓದಿಗಂತ ಶುರುವಾದ ಸಂಸ್ಥೆ ಅದು. ಅಂಥ ಕಾಲೇಜುಗಳಲ್ಲೇ ಅತ್ಯಂತ ಹಳೇದು. ಸಾವಿತ್ರಿಬಾಯಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆಯೋದಕ್ಕೆ ಹನ್ನೊಂದು ವರ್ಷ ಮೊದಲು.

ಅಲ್ಲಿ ಅವರಿಗೆ ಸಂಬಳ ಇದ್ದದ್ದು ಪಾಠಕ್ಕೆ. ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಆಗಿದ್ದು ಸ್ವಂತ ಇಷ್ಟದಿಂದ, ಪುಕ್ಕಟೆಯಾಗಿ. ಹೆಣ್ಣುಮಕ್ಕಳ ಆಟ ಅಂದ್ರೆ ಆಗ ಯಾರಿಗೂ ಲೆಕ್ಕಕ್ಕೇ ಇರಲಿಲ್ಲ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ಮಾಡಬಾರದು ಅನ್ನೋ ಕಾನೂನು, 'ಟೈಟಲ್ ನೈನ್', ಬಂದಿದ್ದೇ 1972ರಲ್ಲಿ. ಅದೇ ಜಿಮ್‌ನಲ್ಲಿ ಗಂಡುಮಕ್ಕಳ ತಂಡಕ್ಕೆ ಜಾನ್ ಚೇನಿ ಅನ್ನೋ ಇನ್ನೊಬ್ಬ ದೊಡ್ಡ ಕೋಚ್ ಇದ್ದರು. ಕಾಲೇಜಿನ ಹೆಸರೂ ಚೇನಿ, ಅವರ ಹೆಸರೂ ಚೇನಿ, ಗೊಂದಲ ಮಾಡ್ಕೋಬೇಡಿ. ಇಬ್ಬರೂ ಒಂದೇ ಕೋರ್ಟ್ ಹಂಚಿಕೊಂಡು, ಒಬ್ಬರಿಂದೊಬ್ಬರು ಕಲಿತು, ದುಡ್ಡಿಲ್ಲದ ಕಾಲೇಜಿಂದ ದೊಡ್ಡ ದೊಡ್ಡ ತಂಡಗಳನ್ನ ಸೋಲಿಸಿದರು.

ಸ್ಟ್ರಿಂಗರ್ ನೆಚ್ಚಿಕೊಂಡಿದ್ದು ಡಿಫೆನ್ಸ್, ಅಂದ್ರೆ ಎದುರಾಳಿಯನ್ನ ತಡೆಯೋ ಆಟ. 'ಫಿಫ್ಟಿ ಫೈವ್' ಅಂತ ಅವರ ಒಂದು ಪಟ್ಟು ಪ್ರಸಿದ್ಧ. ಸಾಮಾನ್ಯವಾಗಿ ಎದುರಾಳಿ ಚೆಂಡು ತಗೊಂಡು ನಮ್ಮ ಕಡೆ ಬರೋವರೆಗೂ ಕಾಯ್ತಾರೆ. ಇವರ ಹುಡುಗಿಯರು ಕಾಯಲ್ಲ. ಚೆಂಡು ಆ ತುದಿಯಲ್ಲಿ ಒಳಗೆ ಬಿದ್ದ ಕ್ಷಣದಿಂದಲೇ ಮುತ್ತಿಗೆ. ಐದೂ ಜನ ಮುಂದೆ ನುಗ್ಗಿ ದಾರಿ ಕಟ್ಟೋದು, ಪಾಸ್ ಕೊಡೋಕೆ ಕೈ ಎತ್ತೋಕೂ ಬಿಡದ ಹಾಗೆ. ನನಗೆ ಬಾಸ್ಕೆಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲ, ಯೂಟ್ಯೂಬ್‌ನಲ್ಲಿ ಹಳೇ ಪಂದ್ಯ ಹಾಕಿ ನೋಡ್ದೆ. ನೋಡ್ತಾ ನೋಡ್ತಾ ಒಂದು ಹೊಳೀತು. ಬುಟ್ಟಿಗೆ ಚೆಂಡು ಹಾಕೋಕೆ ಎತ್ತರ ಬೇಕು, ಅಂಥ ಎತ್ತರದ ಹುಡುಗಿಯರನ್ನ ಕರ್ಕೊಂಡು ಬರೋಕೆ ದುಡ್ಡು ಬೇಕು. ತಡೆಯೋಕೆ ಬೇಕಾಗಿರೋದು ದಮ್ಮು, ಶಿಸ್ತು, ಪಕ್ಕದೋಳ ಮೇಲೆ ನಂಬಿಕೆ. ಬಡ ಕಾಲೇಜಿನ ಕೈಗೆ ಎಟುಕೋದು ಅದೇ.

ಅದುವರೆಗೆ ಹೆಣ್ಣುಮಕ್ಕಳ ಕಾಲೇಜು ಆಟಗಳಿಗೆ ಹೆಂಗಸರೇ ನಡೆಸೋ ಬೇರೆ ಸಂಸ್ಥೆ ಇತ್ತು. 1982ರಲ್ಲಿ ಗಂಡಸರ ಆಟ ನೋಡ್ಕೊಳ್ತಿದ್ದ ದೊಡ್ಡ ಸಂಸ್ಥೆ ಎನ್‌ಸಿಎಎ ಮೊದಲ ಸಲ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಟೂರ್ನಿ ಮಾಡಿತು. ಆ ಮೊದಲ ಟೂರ್ನಿಯ ಫೈನಲ್‌ಗೆ ಬಂದಿದ್ದು ಯಾರು ಅಂದ್ಕೊಂಡ್ರಿ? ಚೇನಿ ಸ್ಟೇಟ್. ಮಾರ್ಚ್ 28, ವರ್ಜೀನಿಯಾದ ನಾರ್ಫಕ್ ಊರು. ಲೂಸಿಯಾನಾ ಟೆಕ್ ವಿರುದ್ಧ 76–62ರಲ್ಲಿ ಸೋತರು. ಕಪ್ಪು ಜನರಿಗಂತ ಕಟ್ಟಿದ ಕಾಲೇಜುಗಳಲ್ಲಿ ಇನ್ನೊಂದು ತಂಡ ಈವರೆಗೆ ಆ ಫೈನಲ್ ಮುಟ್ಟಿಲ್ಲ.

ಆ ಸೀಸನ್ನಲ್ಲಿ ಅವರ ಮನೆಯಲ್ಲಿ ಏನಾಗ್ತಿತ್ತು ಅನ್ನೋದು ಸ್ಕೋರ್‌ಬೋರ್ಡಲ್ಲಿ ಇಲ್ಲ. ಹದಿನಾಲ್ಕು ತಿಂಗಳ ಮಗಳಿಗೆ ಮೆದುಳುಜ್ವರ ಬಂದಿತ್ತು. ಮಗು ಉಳೀತು, ಆದ್ರೆ ಮತ್ತೆ ನಡೆಯಲಿಲ್ಲ, ಮಾತಾಡಲಿಲ್ಲ. ತಾಯಿ ಆಸ್ಪತ್ರೆಗೂ ಕೋರ್ಟಿಗೂ ಓಡಾಡ್ತಾ ಆ ತಂಡವನ್ನ ಫೈನಲ್‌ಗೆ ತಂದಿದ್ದರು. ಇಲ್ಲಿ ಒಂದು ಮಾತು. ಇಂಥ ಕಥೆ ಸಿಕ್ಕಿದ್ರೆ ನಮ್ಮ ಮೋಟಿವೇಶನ್ ಭಾಷಣದೋರು "ನೋಡಿ, ಕಷ್ಟದಲ್ಲೂ ನಗ್ತಾ ಗೆದ್ದರು" ಅಂತ ಶುರು ಮಾಡ್ತಾರೆ. ನನಗೆ ಅದು ಆಗಲ್ಲ. ಆ ಹೆಂಗಸು ನಗ್ತಿರಲಿಲ್ಲ. ದುಡಿಯೋ ಹೆಂಗಸಿಗೆ ಮನೇಲಿ ಕೂತು ಅಳೋ ರಜೆ ಸಿಗಲ್ಲ, ಅಷ್ಟೇ. ಮಗೂನ ಆಸ್ಪತ್ರೆಗೆ ಸೇರಿಸಿ ಪೊರಕೆ ಹಿಡಿದು ಕೆಲಸಕ್ಕೆ ಬಂದ ಪೌರಕಾರ್ಮಿಕ ಅಕ್ಕಂದಿರನ್ನ ಕೇಳಿ, ಅವರು ಹೇಳ್ತಾರೆ.

1983ರಲ್ಲಿ ಅಯೋವಾ ವಿಶ್ವವಿದ್ಯಾಲಯಕ್ಕೆ ಹೋದರು. ಮಗಳ ಚಿಕಿತ್ಸೆಗೆ ಅಲ್ಲಿ ಒಳ್ಳೆ ಆಸ್ಪತ್ರೆ ಇದೆ ಅನ್ನೋದೂ ಒಂದು ಕಾರಣ. ಕರೆದವರು ಕ್ರಿಸ್ಟೀನ್ ಗ್ರಾಂಟ್, ಅಲ್ಲಿನ ಹೆಣ್ಣುಮಕ್ಕಳ ಕ್ರೀಡಾ ವಿಭಾಗದ ಮುಖ್ಯಸ್ಥೆ, ಬಿಳಿ ಹೆಂಗಸು, ಮಹಿಳಾ ಹಕ್ಕಿಗೆ ಜೀವನ ಪೂರ್ತಿ ಬಡಿದಾಡಿದವರು. ಅಯೋವಾ ಅಂದ್ರೆ ಜೋಳದ ಹೊಲಗಳ ರಾಜ್ಯ, ಆಗ ಅಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಬಿಳಿಯರಿದ್ದರು. ಅಂಥ ಕಡೆ ಹೋಗಿ ಈ ಕಪ್ಪು ಕೋಚ್ ಆ ದೊಡ್ಡ ಅರೇನಾ ತುಂಬಿಸಬೇಕು ಅಂತ ಕನಸು ಕಂಡರು. 1985ರ ಫೆಬ್ರವರಿ 3, ಒಹಾಯೋ ಸ್ಟೇಟ್ ಎದುರು ಪಂದ್ಯ. ಹದಿನೈದು ಸಾವಿರ ಚಿಲ್ಲರೆ ಜನ ಹಿಡಿಸೋ ಜಾಗಕ್ಕೆ ಬಂದವರು 22,157! ಮೆಟ್ಟಿಲ ಮೇಲೆಲ್ಲ ಜನ. ಕಾಲೇಜು ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ನೋಡೋಕೆ ಅಷ್ಟು ಜನ ಅದುವರೆಗೆ ಎಲ್ಲೂ ಸೇರಿರಲಿಲ್ಲ. ಆ ಪಂದ್ಯ ಅಯೋವಾ ಸೋತಿತು. ಈಗ ಯಾರಿಗೂ ಅದು ನೆನಪಿಲ್ಲ, ಜನ ಬಂದಿದ್ದು ನೆನಪಿದೆ.

1992ರ ನವೆಂಬರ್, ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಗಂಡ ಬಿಲ್ ಹೃದಯಾಘಾತದಿಂದ ಹೋಗಿಬಿಟ್ಟರು. ವಯಸ್ಸು 47. ಮನೆಯಲ್ಲಿ ಮೂರು ಮಕ್ಕಳು, ಅದರಲ್ಲಿ ಒಬ್ಬಳು ಎತ್ತಿಕೊಂಡೇ ಓಡಾಡಬೇಕಾದ ಮಗಳು. ಕೆಲವು ವಾರ ದೂರ ಇದ್ದು ಮತ್ತೆ ತಂಡಕ್ಕೆ ಬಂದರು. ಅದೇ ಸೀಸನ್, ಅಂದ್ರೆ 1993ರಲ್ಲಿ, ಅಯೋವಾ ಫೈನಲ್ ಫೋರ್ ತಲುಪಿತು. (ಫೈನಲ್ ಫೋರ್ ಅಂದ್ರೆ ಕೊನೆಗೆ ಉಳಿಯೋ ನಾಲ್ಕು ತಂಡ, ನಮ್ಮ ಸೆಮಿಫೈನಲ್ ಇದ್ದಂಗೆ.) ಅಲ್ಲಿ ಹೆಚ್ಚುವರಿ ಸಮಯದಲ್ಲಿ ಒಂದೇ ಒಂದು ಪಾಯಿಂಟಿಂದ ಸೋತರು. ಆ ವರ್ಷ ದೇಶದ ಅತ್ಯುತ್ತಮ ಕೋಚ್ ಪ್ರಶಸ್ತಿ ಅವರಿಗೇ ಬಂತು.

ಗಂಡನ ನೆನಪು ಕಾಡೋ ಊರಲ್ಲಿ ಇರೋಕಾಗದೆ 1995ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಬಂದರು. 2000ದಲ್ಲಿ ಅದನ್ನೂ ಫೈನಲ್ ಫೋರ್‌ಗೆ ಮುಟ್ಟಿಸಿದರು. ಮೂರು ಬೇರೆ ಬೇರೆ ಸಂಸ್ಥೆಗಳನ್ನ ಅಲ್ಲಿಗೆ ಕೊಂಡೊಯ್ದ ಮೊದಲ ಕೋಚ್, ಗಂಡಸರ ಆಟ ಹೆಂಗಸರ ಆಟ ಎರಡೂ ಸೇರಿಸಿ. ಗಂಡಸು ಕೋಚ್ ಒಬ್ಬರು ಅದನ್ನ ಮಾಡೋಕೆ ಇನ್ನೂ ಐದು ವರ್ಷ ಬೇಕಾಯ್ತು.

ಇನ್ನು 2007. ನಾನು ಸ್ಟ್ರಿಂಗರ್ ಹೆಸರು ಕೇಳಿದ್ದೇ ಆ ವರ್ಷದ ಘಟನೆಯಿಂದ, ಅದೂ ಹದಿನಾಲ್ಕು ವರ್ಷ ತಡವಾಗಿ. ಹೇಗಂತ ಮುಂದೆ ಹೇಳ್ತೀನಿ.

ಆ ಸೀಸನ್ ರಟ್ಗರ್ಸ್ ತಂಡದಲ್ಲಿ ಇದ್ದಿದ್ದು ಹತ್ತು ಹುಡುಗಿಯರು, ಎಂಟು ಜನ ಕಪ್ಪು, ಇಬ್ಬರು ಬಿಳಿ. ಐದು ಜನ ಆಗಷ್ಟೇ ಕಾಲೇಜಿಗೆ ಕಾಲಿಟ್ಟ ಮೊದಲ ವರ್ಷದ ಮಕ್ಕಳು. ಶುರುವಿನಲ್ಲಿ ಸೋಲಿನ ಮೇಲೆ ಸೋಲು. ಡಿಸೆಂಬರಲ್ಲಿ ತಮ್ಮದೇ ಅಂಗಳದಲ್ಲಿ ಡ್ಯೂಕ್ ತಂಡದ ಕೈಲಿ 85–45ರಲ್ಲಿ ಹೊಡೆಸಿಕೊಂಡರು. ನಲವತ್ತು ಪಾಯಿಂಟು! ಕೋಚ್ ಬಿಡಲಿಲ್ಲ. ಡಿಫೆನ್ಸ್, ಡಿಫೆನ್ಸ್, ಮತ್ತೆ ಡಿಫೆನ್ಸ್. ಮಾರ್ಚಲ್ಲಿ ತಮ್ಮ ಲೀಗಿನ ಟೂರ್ನಿಯಲ್ಲಿ ಬಲಾಢ್ಯ ಕನೆಕ್ಟಿಕಟ್ ತಂಡವನ್ನ 55–47ರಲ್ಲಿ ಸೋಲಿಸಿ ಮೊದಲ ಸಲ ಚಾಂಪಿಯನ್ ಆದರು. ಆಮೇಲೆ ಎನ್‌ಸಿಎಎ ಟೂರ್ನಿಯಲ್ಲಿ ಅದೇ ಡ್ಯೂಕ್ ಎದುರಾಯ್ತು. ಆ ಸೀಸನ್ನಲ್ಲಿ ದೇಶದಲ್ಲೇ ಮೊದಲ ಸ್ಥಾನದ ತಂಡ. 53–52. ಒಂದು ಪಾಯಿಂಟಿಂದ ಈ ಮಕ್ಕಳು ಗೆದ್ದರು. ಕೊನೆಗೆ ಏಪ್ರಿಲ್ 3ರ ರಾತ್ರಿ ಕ್ಲೀವ್‌ಲ್ಯಾಂಡಲ್ಲಿ ಫೈನಲ್. ಪ್ಯಾಟ್ ಸಮಿಟ್ ಅವರ ಟೆನೆಸ್ಸಿ ಎದುರು 59–46ರಲ್ಲಿ ಸೋತರು.

ಮಾರನೇ ದಿನ ಬೆಳಗ್ಗೆ, ಏಪ್ರಿಲ್ 4. ಡಾನ್ ಐಮಸ್ ಅನ್ನೋ ಬಿಳಿಯ, ಬಹಳ ಹೆಸರಿದ್ದ ರೇಡಿಯೋ ನಿರೂಪಕ, ತನ್ನ ಕಾರ್ಯಕ್ರಮದಲ್ಲಿ ಈ ಹುಡುಗಿಯರ ಬಗ್ಗೆ ಮಾತಾಡಿ ನಕ್ಕ. ಆ ಪದ ನಾನಿಲ್ಲಿ ಬರೆಯಲ್ಲ. ಅವರ ಗುಂಗುರು ಕೂದಲನ್ನ ಹೀಯಾಳಿಸಿ, ಅದರ ಹಿಂದೆ ಮೈ ಮಾರೋ ಹೆಂಗಸರಿಗೆ ಬಳಸೋ ಬೈಗುಳ ಸೇರಿಸಿದ. ಜೊತೆಗಿದ್ದೋರೂ ನಕ್ಕರು. ಇಡೀ ದೇಶ ಕೇಳ್ತು. ಹದಿನೆಂಟು ಹತ್ತೊಂಬತ್ತರ ಮಕ್ಕಳು, ಹಿಂದಿನ ರಾತ್ರಿ ತಾನೇ ದೇಶದ ಎರಡನೇ ತಂಡ ಅನಿಸಿಕೊಂಡು ಮನೆಗೆ ಬಂದಿದ್ದವರು, ಅವರ ಕಿವಿಗೆ ಬಿದ್ದ ಅಭಿನಂದನೆ ಇದು.

ಏಪ್ರಿಲ್ 10ಕ್ಕೆ ಪತ್ರಿಕಾಗೋಷ್ಠಿ. ಸ್ಟ್ರಿಂಗರ್ ಹುಡುಗಿಯರನ್ನೆಲ್ಲ ಜೊತೆಗೆ ಕರ್ಕೊಂಡು ಬಂದು ಕೂರಿಸಿದರು. ತಾವು ಬಹಳ ಹೊತ್ತು ಮಾತಾಡಿದರು. ಆಮೇಲೆ ಕ್ಯಾಪ್ಟನ್ ಎಸೆನ್ಸ್ ಕಾರ್ಸನ್ ಮತ್ತೆ ಬೇರೆ ಹುಡುಗಿಯರು. ಕೋಚ್ ಆ ಮಕ್ಕಳನ್ನ ಪರಿಚಯಿಸಿದ ರೀತಿ ನೋಡ್ಬೇಕು: ಶಾಲೆಗೇ ಮೊದಲು ಬಂದವರಿದ್ದಾರೆ, ಡಾಕ್ಟರ್ ಆಗೋಕೆ ಓದ್ತಿರೋರಿದ್ದಾರೆ, ಸಂಗೀತ ಬಲ್ಲವರಿದ್ದಾರೆ ಅಂತ.

ಇಲ್ಲಿ ನನ್ನದೊಂದು ತಕರಾರಿದೆ. ನಮ್ಮ ಮೇಲೆ ಉಗುಳಿದಾಗೆಲ್ಲ ನಾವು ಮಾರ್ಕ್ಸ್ ಕಾರ್ಡ್ ತೋರಿಸಬೇಕಾ? ಪಾಸಾಗದ ಹುಡುಗಿಗೆ ಆ ಮಾತು ಅಂದ್ರೆ ಸರಿನಾ? ನಾವೂ ಇದನ್ನೇ ಮಾಡ್ತೀವಿ. ದಲಿತ ಹುಡುಗನ ಮೇಲೆ ಹಲ್ಲೆ ಆದ್ರೆ ಪೋಸ್ಟರಲ್ಲಿ "ಇಂಜಿನಿಯರಿಂಗ್ ಓದುತ್ತಿದ್ದ ಪ್ರತಿಭಾವಂತ" ಅಂತ ಹಾಕ್ತೀವಿ. ಕೂಲಿ ಮಾಡೋ ಹುಡುಗ ಆಗಿದ್ರೆ? ಇದು ನನ್ನ ಹಳೇ ಜಗಳ, ಸಂಘಟನೆಯ ಗೆಳೆಯರಿಗೆ ಗೊತ್ತು. ಆದ್ರೆ ಆ ವೀಡಿಯೋವನ್ನ ಎರಡನೇ ಸಲ ನೋಡಿದಾಗ ಇನ್ನೊಂದು ಕಾಣ್ತು. ಸ್ಟ್ರಿಂಗರ್ ಕ್ಯಾಮೆರಾಗೆ ಲೆಕ್ಕ ಒಪ್ಪಿಸ್ತಿರಲಿಲ್ಲ. ಪಕ್ಕದಲ್ಲಿ ಕೂತು ತಲೆ ತಗ್ಗಿಸಿದ್ದ ಮಕ್ಕಳಿಗೆ ಕೇಳಿಸಲಿ ಅಂತ ಹೇಳ್ತಿದ್ದರು. ನೀವು ಯಾರು ಅಂತ ಅವನು ಹೇಳೋದಲ್ಲ, ನಾನು ಹೇಳ್ತೀನಿ ಕೇಳಿಸ್ಕೊಳ್ಳಿ ಅನ್ನೋ ಹಾಗಿತ್ತು ಆ ದನಿ. ತಕರಾರು ಪೂರ್ತಿ ಹೋಗಿಲ್ಲ. ಆದ್ರೆ ಆ ಜಾಗದಲ್ಲಿ ನಾನಿದ್ದಿದ್ರೂ ಹಂಗೇ ಹೇಳ್ತಿದ್ದೆನೇನೋ.

ಮೊದಲು ಐಮಸ್‌ಗೆ ಎರಡು ವಾರ ಸಸ್ಪೆನ್ಷನ್ ಅಂದರು. ಜಾಹೀರಾತು ಕೊಡೋ ಕಂಪನಿಗಳು ಒಂದೊಂದಾಗಿ ಕಳಚಿಕೊಂಡವು. ಏಪ್ರಿಲ್ 11ಕ್ಕೆ ಟಿವಿ ಚಾನೆಲ್ ಕೈಬಿಟ್ಟಿತು, 12ಕ್ಕೆ ಸಿಬಿಎಸ್ ರೇಡಿಯೋ ಕೆಲಸದಿಂದ ತೆಗೀತು. 12ರ ರಾತ್ರಿಯೇ ತಂಡದವರು ರಾಜ್ಯಪಾಲರ ಅಧಿಕೃತ ನಿವಾಸದಲ್ಲಿ ಅವನನ್ನ ಮುಖಾಮುಖಿ ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡಿ, ಅವನ ಕ್ಷಮಾಪಣೆ ಒಪ್ಪಿಕೊಂಡರು. ತಾರೀಖು ಗಮನಿಸಿದ್ರಾ? ಫುಲೆ ಜಯಂತಿಯ ದಿನ ಶುರುವಾಗಿದ್ದು ಅಂಬೇಡ್ಕರ್ ಜಯಂತಿಗೆ ಎರಡು ದಿನ ಇರುವಾಗ ಮುಗೀತು. ಕಾಕತಾಳೀಯ, ಗೊತ್ತು. ಆದ್ರೂ ನನಗೆ ಏಪ್ರಿಲ್‌ನಲ್ಲಿ ಇದನ್ನ ಹೇಳೋ ಚಟ. ಅದೇ ವರ್ಷ ಡಿಸೆಂಬರಲ್ಲಿ ಐಮಸ್ ಇನ್ನೊಂದು ಸ್ಟೇಷನ್ನಲ್ಲಿ ಮತ್ತೆ ಮೈಕ್ ಹಿಡಿದ ಅನ್ನೋದನ್ನೂ ಸೇರಿಸಿಬಿಡ್ತೀನಿ, ನ್ಯಾಯ ಪೂರ್ತಿ ಆಯ್ತು ಅಂತ ಯಾರೂ ಸಿಹಿ ಹಂಚಬಾರದಲ್ಲ.

ಈಗ ನನಗೆ ಇದು ಹೇಗೆ ಸಿಕ್ತು ಅನ್ನೋದು. 2021ರ ಆಗಸ್ಟ್. ಟೋಕಿಯೋ ಒಲಿಂಪಿಕ್ಸ್ ಸೆಮಿಫೈನಲ್ಲಿ ನಮ್ಮ ಹೆಣ್ಣುಮಕ್ಕಳ ಹಾಕಿ ತಂಡ ಅರ್ಜೆಂಟೀನಾ ಎದುರು ಸೋತಿತು. ಅದಕ್ಕೆ ಕೆಲವೇ ದಿನ ಮೊದಲು ದಕ್ಷಿಣ ಆಫ್ರಿಕಾ ವಿರುದ್ಧ ಮೂರು ಗೋಲು ಹೊಡೆದು, ಒಲಿಂಪಿಕ್ಸ್ ಹಾಕಿಯಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಭಾರತೀಯ ಹೆಣ್ಣುಮಗಳು ಅನಿಸಿಕೊಂಡಿದ್ದರು ವಂದನಾ ಕಟಾರಿಯಾ. ಸೋತ ದಿನ ಹರಿದ್ವಾರದ ಹತ್ತಿರ ಅವರ ಮನೆ ಮುಂದೆ ಮೇಲ್ಜಾತಿ ಗಂಡಸರು ಪಟಾಕಿ ಹೊಡೆದು ಕುಣಿದರು. ತಂಡದಲ್ಲಿ ದಲಿತರು ಜಾಸ್ತಿ ಆಗಿದ್ದಕ್ಕೇ ಸೋತಿದ್ದು ಅಂತ ಜಾತಿ ಹಿಡಿದು ಬೈದರು. ದೇಶ ಸೋತಿದ್ದಕ್ಕೆ ಪಟಾಕಿ! ಆ ವಾರ ನಮ್ಮ ವಾಟ್ಸಾಪ್ ಗುಂಪಲ್ಲಿ ಯಾರೋ ಒಬ್ಬರು "ಇದನ್ನೂ ನೋಡಿ" ಅಂತ ರಟ್ಗರ್ಸ್ ಪತ್ರಿಕಾಗೋಷ್ಠಿಯ ವೀಡಿಯೋ ಹಾಕಿದರು.

ಪಟಾಕಿ ಸದ್ದು ನನಗೆ ಪರಿಚಯದ್ದೇ. 2017ರ ಫೆಬ್ರವರಿಯಲ್ಲಿ ಬಿ.ಕೆ. ಪವಿತ್ರ ಪ್ರಕರಣದ ತೀರ್ಪು ಬಂತಲ್ಲ, ಬಡ್ತಿ ಮೀಸಲಾತಿಯಿಂದ ಸಿಕ್ಕ ಜ್ಯೇಷ್ಠತೆ ಹೋಗಿ ನಮ್ಮೋರಿಗೆ ಹಿಂಬಡ್ತಿ ಅನ್ನೋ ಕತ್ತಿ ನೇತಾಡಿತಲ್ಲ, ಆ ದಿನ ನಾನು ಕೆಲಸ ಮಾಡ್ತಿದ್ದ ಕಡೆ ಮಧ್ಯಾಹ್ನದ ಕಾಫಿ ಜೊತೆ ಮೈಸೂರು ಪಾಕ್ ಬಂತು. ಯಾರ ಹುಟ್ಟುಹಬ್ಬ ಅಂತ ಕೇಳ್ದೆ. ಯಾರೂ ಉತ್ತರ ಕೊಡಲಿಲ್ಲ. ಒಬ್ಬರು ನನ್ನ ಟೇಬಲ್ ಮೇಲೂ ಒಂದು ತುಂಡು ಇಟ್ಟು ಹೋದರು. 2019ರ ಮೇ ತಿಂಗಳಲ್ಲಿ ರಾಜ್ಯದ ಹೊಸ ಕಾಯ್ದೆಯನ್ನ ಸುಪ್ರೀಂ ಕೋರ್ಟು ಎತ್ತಿಹಿಡಿದಾಗ ಯಾವ ಸಿಹಿಯೂ ಬರಲಿಲ್ಲ, ಅದು ಬೇರೆ ಮಾತು. ನಾನು ಗುಮಾಸ್ತೆಯಾಗಿ ಎಷ್ಟೇ ಫೈಲು ತಿದ್ದಲಿ, ಯಾರಿಗೂ ಹೊಟ್ಟೆ ಉರಿಯಲ್ಲ. ಅದೇ ಫೈಲಿಗೆ ಸಹಿ ಹಾಕೋ ಕುರ್ಚಿಗೆ ನಮ್ಮೋರು ಬಂದಾಗಲೇ 'ಮೆರಿಟ್' ನೆನಪಾಗೋದು.

ಆ ವೀಡಿಯೋ ನೋಡಿದ ಮೇಲೆ ಅವರ ಆತ್ಮಕಥೆ 'ಸ್ಟ್ಯಾಂಡಿಂಗ್ ಟಾಲ್' ತರಿಸಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಊಟದ ಬಿಡುವಲ್ಲಿ ಓದಿದೆ. 2008ರ ಪುಸ್ತಕ. ತಮಗೆ ಸ್ತನ ಕ್ಯಾನ್ಸರ್ ಆಗಿತ್ತು ಅನ್ನೋದನ್ನ ಅವರು ಜಗತ್ತಿಗೆ ಹೇಳಿದ್ದೇ ಅದರಲ್ಲಿ. ಅದನ್ನೂ ಒಳಗೆ ಇಟ್ಟುಕೊಂಡೇ ಬೆಂಚಿನ ಪಕ್ಕ ನಿಂತಿದ್ದರು.

2009ರಲ್ಲಿ ಬಾಸ್ಕೆಟ್‌ಬಾಲಿನ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಅದೇ ದಿನ ಸೇರಿದ್ದು ಮೈಕಲ್ ಜೋರ್ಡಾನ್, ಹಾಗಾಗಿ ಕ್ಯಾಮೆರಾ ಎಲ್ಲ ಎತ್ತ ತಿರುಗಿತ್ತು ಅಂತ ಹೇಳಬೇಕಾಗಿಲ್ಲ. 2018ರ ನವೆಂಬರ್ 13ಕ್ಕೆ ಸಾವಿರನೇ ಗೆಲುವು. ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಸಾವಿರ ಮುಟ್ಟಿದ ಮೊದಲ ಕಪ್ಪು ಕೋಚ್. 2022ರಲ್ಲಿ ನಿವೃತ್ತಿ. ಲೆಕ್ಕ ನೋಡಿ, ಇದು ನನ್ನ ಇಲಾಖೆ: ಚೇನಿಯಲ್ಲಿ 251, ಅಯೋವಾದಲ್ಲಿ 269, ರಟ್ಗರ್ಸ್‌ನಲ್ಲಿ 535. ಒಟ್ಟು 1055 ಗೆಲುವು, 426 ಸೋಲು.

ರಾಷ್ಟ್ರೀಯ ಚಾಂಪಿಯನ್ ಪಟ್ಟ ಮಾತ್ರ ಸೊನ್ನೆ. ನಾಲ್ಕು ಸಲ ಫೈನಲ್ ಫೋರ್, ಎರಡು ಸಲ ಫೈನಲ್, ಒಂದೂ ಕಪ್ ಇಲ್ಲ. ಅವರ ಬಗ್ಗೆ ಬರೆಯೋರು ಕೊನೆಗೆ ಇದೊಂದು ವಾಕ್ಯ ಸೇರಿಸೋದು ಮರೆಯಲ್ಲ. ಕಪ್ ಗೆದ್ದ ಬೇರೆ ಕೋಚ್‌ಗಳಲ್ಲಿ ಎಷ್ಟು ಜನ ಸಂಬಳವಿಲ್ಲದ ಕೋಚ್ ಆಗಿ ಶುರು ಮಾಡಿದ್ರು, ಎಷ್ಟು ಜನ ಮೂರು ಕಡೆ ಬುನಾದಿಯಿಂದ ಕಟ್ಟಿದ್ರು ಅಂತ ಯಾರೂ ಪಕ್ಕದ ಕಾಲಂ ತುಂಬಲ್ಲ.

ಇನ್ನೊಂದು ಲೆಕ್ಕ ನನ್ನನ್ನ ಜಾಸ್ತಿ ಕಾಡೋದು. 1972ರ ಕಾನೂನಿಗೆ ಮೊದಲು ಅಮೆರಿಕದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ತಂಡಗಳ ಕೋಚ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೆಂಗಸರೇ ಇದ್ದರು. ಯಾಕಂದ್ರೆ ಅದರಲ್ಲಿ ದುಡ್ಡಿರಲಿಲ್ಲ. ಕಾನೂನು ಬಂತು, ಅನುದಾನ ಬಂತು, ಕೋಚ್ ಕೆಲಸಕ್ಕೆ ಒಳ್ಳೆ ಸಂಬಳ ಬಂತು. ಬಂದ ಕೂಡ್ಲೇ ಗಂಡಸರು ಬಂದರು. ಈಗ ಆ ಕುರ್ಚಿಗಳಲ್ಲಿ ಹೆಂಗಸರು ಅರ್ಧಕ್ಕಿಂತ ಕಡಿಮೆ. ಹುಡುಗಿಯರಿಗೆ ಆಡೋ ಅವಕಾಶ ಹೆಚ್ಚಾಯ್ತು, ಆಡಿಸೋ ಅಧಿಕಾರ ಕೈ ಜಾರಿತು. ಮೀಸಲು ಕ್ಷೇತ್ರದಲ್ಲಿ ಗೆದ್ದ ನಮ್ಮ ಪಂಚಾಯ್ತಿ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಯಾರು ಕೂತು ಮಾತಾಡ್ತಾರೆ ಅಂತ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಚೇನಿ ಕಾಲೇಜಿನ ಈಗಿನ ಸ್ಥಿತಿಯನ್ನೂ ಹೇಳಬೇಕು. ಹಣದ ಕೊರತೆ ತಾಳಲಾರದೆ 2018ರಲ್ಲಿ ಅದು ಎನ್‌ಸಿಎಎ ಆಟಗಳಿಂದಲೇ ಹೊರಬಂತು. ಮೊದಲ ಫೈನಲ್ ಆಡಿದ ಕಾಲೇಜು!

1982ರ ಆ ತಂಡದಲ್ಲಿ ಯೋಲಂಡಾ ಲೇನಿ ಅಂತ ಒಬ್ಬ ಆಟಗಾರ್ತಿ ಇದ್ದರು. ಮುಂದೆ ವಕೀಲೆ ಆದರು. ಅವರ ಮಗಳು ಬೆಟ್ನೈಜಾ ಲೇನಿ ದೊಡ್ಡವಳಾಗಿ ಬಾಸ್ಕೆಟ್‌ಬಾಲ್ ಆಡೋಕೆ ಸೇರಿದ್ದು ರಟ್ಗರ್ಸ್‌ಗೆ, ಅಮ್ಮನಿಗೆ ಕಲಿಸಿದ ಅದೇ ಕೋಚ್ ಹತ್ರ. ಈಗ ಆಕೆ ಅಲ್ಲಿನ ವೃತ್ತಿಪರ ಲೀಗಿನಲ್ಲಿ ಆಡ್ತಾಳೆ, ನ್ಯೂಯಾರ್ಕ್ ತಂಡದ ಜೊತೆ 2024ರಲ್ಲಿ ಚಾಂಪಿಯನ್ ಕೂಡ ಆದಳು. ಎದುರಾಳಿಯನ್ನ ತಡೆಯೋದ್ರಲ್ಲಿ ಗಟ್ಟಿಗಿತ್ತಿ ಅಂತ ಹೆಸರು. ಎಲ್ಲಿ ಕಲಿತಿದ್ದು ಅಂತ ನಿಮಗೀಗ ಗೊತ್ತು.

ಕೊನೆಗೆ ಒಂದು ಕೋರಿಕೆ. ನಿಮ್ಮ ತಾಲ್ಲೂಕಲ್ಲಿ, ಜಿಲ್ಲೆಯಲ್ಲಿ, ಹಾಸ್ಟೆಲಲ್ಲಿ, ಸರ್ಕಾರಿ ಶಾಲೆಯಲ್ಲಿ ನಮ್ಮ ಹೆಣ್ಣುಮಕ್ಕಳು ಯಾರಾದ್ರೂ ಕೋಚ್ ಆಗಿ, ಪಿಟಿ ಟೀಚರ್ ಆಗಿ ಇದ್ರೆ ಅವರನ್ನ ಒಂದು ಮಾತು ಕೇಳಿ, ಒಪ್ಪಿದ್ರೆ ನನಗೆ ಮೆಸೇಜ್ ಮಾಡಿ. ಯಾವ ಆಟ, ಎಷ್ಟು ವರ್ಷದಿಂದ, ಸಂಬಳ ಇದೆಯೋ ಇಲ್ವೋ ಅನ್ನೋದನ್ನೂ ಬರೀರಿ. ಈ ಸಲದ ಜಯಂತಿ ವೇದಿಕೆಗೆ ಭಾಷಣಕಾರರು ಬೇಕಾದಷ್ಟು ಇದ್ದಾರೆ, ನಾನು ಇವರನ್ನ ಕರೀಬೇಕು ಅಂತಿದ್ದೀನಿ.

ಜೈ ಭೀಮ್.